ಫ್ಲೋರೋಸಿಸ್ ಮತ್ತು ಪೋಷಕಾಂಶಗಳು

ಫ್ಲೋರೋಸಿಸ್ ಎಂಬುದು ಕುಡಿಯುವ ನೀರು ಮತ್ತು ಆಹಾರದ ಮೂಲಕ ಫ್ಲೋರೈಡ್ ಎಂಬ ಖನಿಜಾಂಶವು ದೀರ್ಘಕಾಲ ಅಧಿಕ ಪ್ರಮಾಣದಲ್ಲಿ ದೇಹವನ್ನು ಸೇರುವುದರಿಂದ ಹಲ್ಲು, ಮೂಳೆ ಮತ್ತು ಇತರ ಅಂಗಾಂಶಗಳಿಗೆ ಉಂಟಾಗುವ ರೋಗ. ಕ್ಯಾಲ್ಸಿಯಂ, ಡಿ ಜೀವಸತ್ವ, ಸಿ ಜೀವಸತ್ವ, ಇ ಜೀವಸತ್ವ, ಮೆಗ್ನೀಸಿಯಂ, ತಾಮ್ರ ಮತ್ತು ಪ್ರೋಟೀನು ಈ ವಿಷಪರಿಣಾಮವನ್ನು ಬೇರೆ ಬೇರೆ ರೀತಿಗಳಲ್ಲಿ ತಗ್ಗಿಸಬಲ್ಲವು ಎಂಬುದನ್ನು ಭಾರತದಲ್ಲಿಯೂ ಹೊರದೇಶಗಳಲ್ಲಿಯೂ ನಡೆದ ಅಧ್ಯಯನಗಳು ಸೂಚಿಸಿವೆ. ಈ ಪೋಷಕಾಂಶಗಳು ಸುರಕ್ಷಿತ ನೀರಿಗೆ ಬದಲಿಯಲ್ಲ. ಆದರೆ ಒಂದೇ ನೀರನ್ನು ಕುಡಿಯುವ ಇಬ್ಬರಲ್ಲಿ ಯಾರಿಗೆ ಹೆಚ್ಚು ಹಾನಿಯಾಗುತ್ತದೆ ಎಂಬುದನ್ನು ನಿರ್ಧರಿಸುವಲ್ಲಿ ಅವುಗಳ ಪಾತ್ರ ದೊಡ್ಡದು. ಕರ್ನಾಟಕದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಂತಹ ಅಂತರ್ಜಲವನ್ನು ಅವಲಂಬಿಸಿದ ಒಣಪ್ರದೇಶಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಪ್ರಾದೇಶಿಕ ಹಿನ್ನೆಲೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹರಡಿರುವ ವಿಜಯಪುರ ಜಿಲ್ಲೆಯು ರಾಜ್ಯದ ಅತ್ಯಂತ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಇಂಡಿ ಮತ್ತು ಸಿಂದಗಿ ಭಾಗಗಳು ಉತ್ತರದಲ್ಲಿ ಭೀಮಾ ನದಿಯನ್ನೂ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಭಾಗಗಳು ದಕ್ಷಿಣದಲ್ಲಿ ಕೃಷ್ಣಾ ನದಿಯನ್ನೂ ತಾಗಿವೆ. ನಡುವೆ ಹರಿಯುವ ಡೋಣಿ ನದಿಯ ನೀರು ಉಪ್ಪಿನ ಅಂಶಕ್ಕೆ ಹೆಸರಾಗಿದೆ. ಜಿಲ್ಲೆಯ ಬಹುಭಾಗದ ನೆಲದಡಿಯಲ್ಲಿ ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಶಿಲೆಯಿದ್ದು, ಮುದ್ದೇಬಿಹಾಳ ಮತ್ತು ತಾಳಿಕೋಟೆಯ ಕಡೆ ಗ್ರಾನೈಟ್, ನೈಸ್ ಮತ್ತು ಸುಣ್ಣಕಲ್ಲಿನ ಶಿಲೆಗಳು ಕಂಡುಬರುತ್ತವೆ.

ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದ ರಾಜ್ಯದ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರು, ಬಳ್ಳಾರಿ, ಚಿತ್ರದುರ್ಗ, ತುಮಕೂರು ಮತ್ತು ಕೋಲಾರ ಜಿಲ್ಲೆಗಳಲ್ಲಿಯೂ ಈ ಸಮಸ್ಯೆಯಿದೆ. ಫ್ಲೋರೈಡ್ ಪ್ರಮಾಣವು ಇಡೀ ತಾಲ್ಲೂಕಿಗೆ ಒಂದೇ ಆಗಿರುವುದಿಲ್ಲ. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರಿನಲ್ಲಿಯೂ ವ್ಯತ್ಯಾಸವಿರಬಹುದು. ಆದ್ದರಿಂದ ಪ್ರತಿಯೊಂದು ಜಲಮೂಲವನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಅಗತ್ಯ.

ನೀರಿನಲ್ಲಿ ಫ್ಲೋರೈಡ್ ಸೇರುವ ಬಗೆ

ಫ್ಲೋರೈಟ್, ಅಪಟೈಟ್, ಅಭ್ರಕ ಮೊದಲಾದ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಶಿಲೆಯ ಸಂಪರ್ಕದಲ್ಲಿ ಹೆಚ್ಚು ಕಾಲ ಉಳಿದಷ್ಟೂ ಅದರಲ್ಲಿ ಕರಗುವ ಫ್ಲೋರೈಡಿನ ಪ್ರಮಾಣ ಹೆಚ್ಚುತ್ತದೆ. ಮಳೆ ಕಡಿಮೆಯಾಗಿ ಅಂತರ್ಜಲದ ಮಟ್ಟ ಕುಸಿದಾಗ ಕೊಳವೆಬಾವಿಗಳನ್ನು ಇನ್ನಷ್ಟು ಆಳಕ್ಕೆ ಕೊರೆಯಲಾಗುತ್ತದೆ. ಹೀಗೆ ದೊರೆಯುವ ಹಳೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸಂಭವವಿದೆ. ಸೋಡಿಯಂ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರೀಯ ನೀರಿನಲ್ಲಿ ಫ್ಲೋರೈಡ್ ಸುಲಭವಾಗಿ ಉಳಿಯುತ್ತದೆ. ಕ್ಯಾಲ್ಸಿಯಂ ಸಾಕಷ್ಟಿರುವ ನೀರಿನಲ್ಲಿ ಅದರ ಒಂದು ಭಾಗವು ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಬೇರ್ಪಡುತ್ತದೆ. ಇದೇ ರಾಸಾಯನಿಕ ಸಂಬಂಧವು ಮನುಷ್ಯನ ಜೀರ್ಣಾಂಗದಲ್ಲಿಯೂ ಕೆಲಸ ಮಾಡುತ್ತದೆ.

ಭಾರತೀಯ ಮಾನಕ ಬ್ಯೂರೋದ ಐಎಸ್ 10500:2012 ಮಾನದಂಡದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿ.ಗ್ರಾಂ. ಬೇರೆ ಜಲಮೂಲವಿಲ್ಲದಿದ್ದಾಗ 1.5 ಮಿ.ಗ್ರಾಂವರೆಗೆ ಅನುಮತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5 ಮಿ.ಗ್ರಾಂ ಎಂದೇ ಇದೆ. ಆದರೆ ದೇಹ ಸೇರುವ ಒಟ್ಟು ಪ್ರಮಾಣವು ಕುಡಿಯುವ ನೀರಿನ ಅಳತೆಯನ್ನೂ ಅವಲಂಬಿಸಿದೆ. ಲೀಟರಿಗೆ 1.5 ಮಿ.ಗ್ರಾಂ ಫ್ಲೋರೈಡ್ ಇರುವ ನೀರನ್ನು ದಿನಕ್ಕೆ 2 ಲೀಟರ್ ಕುಡಿಯುವವರ ದೇಹಕ್ಕೆ 3 ಮಿ.ಗ್ರಾಂ ಸೇರಿದರೆ, ಬೇಸಿಗೆಯ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ಅದೇ ನೀರನ್ನು 5 ಲೀಟರ್ ಕುಡಿಯುವವರ ದೇಹಕ್ಕೆ 7.5 ಮಿ.ಗ್ರಾಂ ಸೇರುತ್ತದೆ.

ದೇಹದ ಮೇಲಿನ ಪರಿಣಾಮ

ಜಠರದ ಆಮ್ಲದಲ್ಲಿ ಫ್ಲೋರೈಡ್ ಹೈಡ್ರೋಜನ್ ಫ್ಲೋರೈಡ್ ಆಗಿ ಮಾರ್ಪಟ್ಟು ಬೇಗನೆ ರಕ್ತವನ್ನು ಸೇರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಹೀರಲ್ಪಟ್ಟ ಫ್ಲೋರೈಡಿನ ಸುಮಾರು ಅರ್ಧದಷ್ಟು ಮೂತ್ರಪಿಂಡಗಳ ಮೂಲಕ ಹೊರಹೋಗುತ್ತದೆ. ಉಳಿದದ್ದು ಮೂಳೆ ಮತ್ತು ಹಲ್ಲುಗಳಲ್ಲಿ ಸಂಗ್ರಹವಾಗುತ್ತದೆ. ಬೆಳೆಯುವ ಮಕ್ಕಳ ಮೂಳೆಗಳು ಇದಕ್ಕಿಂತ ಹೆಚ್ಚಿನ ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ದೇಹದಲ್ಲಿ ಉಳಿಯುವ ಫ್ಲೋರೈಡಿನ ಸುಮಾರು 99% ಭಾಗ ಗಟ್ಟಿ ಅಂಗಾಂಶಗಳಲ್ಲಿಯೇ ಇರುತ್ತದೆ.

ದಂತ ಫ್ಲೋರೋಸಿಸ್: ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಶಾಶ್ವತ ಹಲ್ಲುಗಳ ಎನಾಮೆಲ್ ರೂಪುಗೊಳ್ಳುವ ಅವಧಿಯಲ್ಲಿ ಇದು ಉಂಟಾಗುತ್ತದೆ. ಹಲ್ಲಿನ ಮೇಲೆ ಬಿಳಿ, ಹಳದಿ ಅಥವಾ ಕಂದು ಬಣ್ಣದ ಅಡ್ಡಗೆರೆಗಳು ಮೂಡುತ್ತವೆ. ತೀವ್ರವಾದಾಗ ಗುಳಿಗಳು ಬೀಳುತ್ತವೆ. ಹಲ್ಲುಜ್ಜುವುದರಿಂದ ಈ ಕಲೆ ಹೋಗುವುದಿಲ್ಲ.

ಅಸ್ಥಿ ಫ್ಲೋರೋಸಿಸ್: ಹಲವು ವರ್ಷಗಳ ಸೇವನೆಯಿಂದ ಕೀಲುನೋವು, ಬೆನ್ನು ಮತ್ತು ಕುತ್ತಿಗೆಯ ಬಿಗಿತ, ಅಸ್ಥಿಬಂಧಗಳು ಗಟ್ಟಿಯಾಗುವುದು ಮೊದಲಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕೊನೆಯ ಹಂತದಲ್ಲಿ ಬೆನ್ನು ಬಾಗಿ ನಡೆದಾಡುವುದೇ ಕಷ್ಟವಾಗುತ್ತದೆ.

ಇತರ ಲಕ್ಷಣಗಳು: ಹೊಟ್ಟೆನೋವು, ಹಸಿವಿಲ್ಲದಿರುವುದು, ಸ್ನಾಯುಗಳ ನಿಶ್ಶಕ್ತಿ, ಆಯಾಸ ಮತ್ತು ರಕ್ತಹೀನತೆ ವರದಿಯಾಗಿವೆ. ಇವು ಬೇರೆ ಕಾಯಿಲೆಗಳಲ್ಲಿಯೂ ಕಾಣುವುದರಿಂದ ರೋಗ ಪತ್ತೆಯಾಗುವುದು ತಡವಾಗುತ್ತದೆ.

ಭಾರತದಲ್ಲಿ ಈ ರೋಗದ ವೈದ್ಯಕೀಯ ವಿವರಣೆಯನ್ನು 1937ರಲ್ಲಿ ಎಚ್. ಇ. ಶಾರ್ಟ್ ಮತ್ತು ಸಹೋದ್ಯೋಗಿಗಳು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಪ್ರಕಟಿಸಿದರು.

ಪೋಷಣೆಗೂ ರೋಗದ ತೀವ್ರತೆಗೂ ಇರುವ ಸಂಬಂಧ

ಫ್ಲೋರೈಡ್ ಸಮಾನವಾಗಿರುವ ಊರುಗಳಲ್ಲಿಯೂ ರೋಗವು ಎಲ್ಲರಲ್ಲಿ ಸಮಾನವಾಗಿರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು 1973ರಲ್ಲಿ ಆಂಧ್ರಪ್ರದೇಶದ ಫ್ಲೋರೋಸಿಸ್ ಪೀಡಿತ ಪ್ರದೇಶದಲ್ಲಿ ಮೊಣಕಾಲುಗಳು ಒಳಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ವಿವರಿಸಿದರು. ಅಲ್ಲಿನ ರೋಗಿಗಳಲ್ಲಿ ಮೂಳೆ ಗಟ್ಟಿಯಾಗುವುದರ ಜೊತೆಗೆ ಕಾಲಿನ ಮೂಳೆಗಳು ಟೊಳ್ಳಾಗುವುದೂ ಕಂಡುಬಂದಿತು. ಮೀರತ್‌ನ ವೈದ್ಯರಾದ ಎಸ್. ಪಿ. ಎಸ್. ತಿಯೋಟಿಯಾ ಮತ್ತು ಎಂ. ತಿಯೋಟಿಯಾ ಅವರು ದೇಶದ ಹಲವು ಭಾಗಗಳ ಮಕ್ಕಳನ್ನು ದೀರ್ಘಕಾಲ ಪರೀಕ್ಷಿಸಿ, ಆಹಾರದಲ್ಲಿ ಕ್ಯಾಲ್ಸಿಯಂ ಕೊರತೆಯಿರುವ ಮಕ್ಕಳಲ್ಲಿ ಫ್ಲೋರೈಡಿನಿಂದಾಗುವ ಮೂಳೆವಿಕಾರಗಳು ಹೆಚ್ಚು ತೀವ್ರವಾಗಿರುತ್ತವೆ ಎಂದು ತೋರಿಸಿದರು.

ಇದರ ಕಾರಣ ಸ್ಪಷ್ಟವಾಗಿದೆ. ಮೂಳೆಯ ಖನಿಜವು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನಿಂದ ಕೂಡಿದ ಹೈಡ್ರಾಕ್ಸಿಅಪಟೈಟ್. ಫ್ಲೋರೈಡ್ ಇದರಲ್ಲಿ ಸೇರಿಕೊಂಡು ಫ್ಲೋರಪಟೈಟ್ ಆಗುತ್ತದೆ ಮತ್ತು ಹೊಸ ಮೂಳೆಯ ರಚನೆಯನ್ನು ಅತಿಯಾಗಿ ಪ್ರಚೋದಿಸುತ್ತದೆ. ಅದರಿಂದ ಕ್ಯಾಲ್ಸಿಯಂನ ಬೇಡಿಕೆ ಹೆಚ್ಚುತ್ತದೆ. ಆಹಾರದಿಂದ ಅದು ದೊರೆಯದಿದ್ದಾಗ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಹೆಚ್ಚಿ, ಇರುವ ಮೂಳೆಯಿಂದಲೇ ಕ್ಯಾಲ್ಸಿಯಂ ಹೊರತೆಗೆಯಲ್ಪಡುತ್ತದೆ. ಹೀಗೆ ಹೊಸ ಮೂಳೆ ಸರಿಯಾಗಿ ಗಟ್ಟಿಯಾಗದೆ, ಹಳೆಯ ಮೂಳೆ ದುರ್ಬಲವಾಗಿ, ಬೆಳೆಯುವ ಮಗುವಿನ ಕಾಲುಗಳು ದೇಹದ ಭಾರಕ್ಕೆ ಬಾಗುತ್ತವೆ.

ಪ್ರಮುಖ ಪೋಷಕಾಂಶಗಳು

ಕ್ಯಾಲ್ಸಿಯಂ

ಫ್ಲೋರೈಡಿನ ವಿರುದ್ಧ ಕ್ಯಾಲ್ಸಿಯಂ ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದಾಗಿ, ಕರುಳಿನಲ್ಲಿ ಫ್ಲೋರೈಡಿನೊಂದಿಗೆ ಸೇರಿ ಸುಲಭವಾಗಿ ಕರಗದ ಸಂಯುಕ್ತವಾಗಿ ಅದರ ಹೀರುವಿಕೆಯನ್ನು ತಗ್ಗಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಸೇವಿಸಿದ ಫ್ಲೋರೈಡ್ ಬಹುತೇಕ ಪೂರ್ಣವಾಗಿ ರಕ್ತ ಸೇರಿದರೆ, ಹಾಲಿನೊಂದಿಗೆ ಸೇವಿಸಿದಾಗ ಸುಮಾರು 70%, ಕ್ಯಾಲ್ಸಿಯಂ ಹೆಚ್ಚಿರುವ ಉಪಾಹಾರದೊಂದಿಗೆ ಸುಮಾರು 60% ಮಾತ್ರ ಸೇರುತ್ತದೆ ಎಂದು 1979ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ತೋರಿಸಿತು. ಎರಡನೆಯದಾಗಿ, ಮೂಳೆಗೆ ಬೇಕಾದ ಕ್ಯಾಲ್ಸಿಯಂ ಆಹಾರದಿಂದಲೇ ದೊರೆತಾಗ ಇರುವ ಮೂಳೆ ಸವೆಯುವುದು ತಪ್ಪುತ್ತದೆ. ಫ್ಲೋರೈಡಿನ ತೀವ್ರ ವಿಷಪ್ರಾಶನವಾದಾಗ ಆಸ್ಪತ್ರೆಗಳಲ್ಲಿ ಕ್ಯಾಲ್ಸಿಯಂ ಲವಣಗಳನ್ನು ನೀಡುವುದು ಇದೇ ರಾಸಾಯನಿಕ ತತ್ತ್ವದ ಆಧಾರದ ಮೇಲೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿ.ಗ್ರಾಂ, ಹಾಲುಣಿಸುವ ತಾಯಂದಿರಿಗೆ 1,200 ಮಿ.ಗ್ರಾಂ, 4ರಿಂದ 6 ವರ್ಷದ ಮಕ್ಕಳಿಗೆ 550 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು.

ಡಿ ಜೀವಸತ್ವ

ಕರುಳಿನಿಂದ ಕ್ಯಾಲ್ಸಿಯಂ ಹೀರಲ್ಪಡಲು ಡಿ ಜೀವಸತ್ವ ಅವಶ್ಯಕ. ಬಿಸಿಲು ಚರ್ಮದ ಮೇಲೆ ಬಿದ್ದಾಗ ಇದು ದೇಹದಲ್ಲಿಯೇ ತಯಾರಾಗುತ್ತದೆ. ಬಿಸಿಲು ಹೇರಳವಾಗಿರುವ ನಾಡಿನಲ್ಲಿಯೂ ಮನೆಯೊಳಗೇ ಇರುವ ಬಾಣಂತಿಯರು, ಶಿಶುಗಳು ಮತ್ತು ವೃದ್ಧರಲ್ಲಿ ಇದರ ಕೊರತೆ ಉಂಟಾಗಬಹುದು.

ಸಿ ಜೀವಸತ್ವ

ಮೂಳೆಯ ಚೌಕಟ್ಟಾದ ಕೊಲಾಜನ್ ಎಂಬ ಪ್ರೋಟೀನಿನ ರಚನೆಗೆ ಸಿ ಜೀವಸತ್ವ ಬೇಕು. ಫ್ಲೋರೈಡ್ ಜೀವಕೋಶಗಳಲ್ಲಿ ಉಂಟುಮಾಡುವ ಉತ್ಕರ್ಷಣದ ಒತ್ತಡವನ್ನೂ ಇದು ತಗ್ಗಿಸುತ್ತದೆ. 1990ರ ದಶಕದಲ್ಲಿ ಜೈಪುರದ ಎಸ್. ಕೆ. ಗುಪ್ತಾ ಮತ್ತು ಸಹೋದ್ಯೋಗಿಗಳು ಫ್ಲೋರೋಸಿಸ್ ಇರುವ ಮಕ್ಕಳಿಗೆ ಕ್ಯಾಲ್ಸಿಯಂ, ಸಿ ಜೀವಸತ್ವ ಮತ್ತು ಡಿ ಜೀವಸತ್ವಗಳನ್ನು ಒಟ್ಟಾಗಿ ನೀಡಿ, ಲಕ್ಷಣಗಳಲ್ಲಿ ಸುಧಾರಣೆ ಕಂಡುದಾಗಿ ವರದಿ ಮಾಡಿದರು. ಅಧ್ಯಯನಕ್ಕೆ ಒಳಪಟ್ಟ ಮಕ್ಕಳ ಸಂಖ್ಯೆ ಚಿಕ್ಕದಾಗಿದ್ದುದರಿಂದ ಈ ಫಲಿತಾಂಶವನ್ನು ಎಚ್ಚರಿಕೆಯಿಂದ ನೋಡಬೇಕಾಗುತ್ತದೆ.

ಇ ಜೀವಸತ್ವ ಮತ್ತು ಪ್ರೋಟೀನು

ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಎನ್. ಜೆ. ಚಿನೋಯ್ ಮತ್ತು ಸಹೋದ್ಯೋಗಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಫ್ಲೋರೈಡಿನಿಂದ ಅಂಗಾಂಶಗಳಿಗಾದ ಹಾನಿಯು ಸಿ ಮತ್ತು ಇ ಜೀವಸತ್ವಗಳು ಹಾಗೂ ಕ್ಯಾಲ್ಸಿಯಂ ನೀಡಿದಾಗ ಕಡಿಮೆಯಾಯಿತು. ಪ್ರೋಟೀನು ಕೊರತೆಯ ಆಹಾರವು ಹಾನಿಯನ್ನು ಹೆಚ್ಚಿಸಿತು. ಪ್ರಾಣಿಗಳಲ್ಲಿ ಕಂಡ ಫಲಿತಾಂಶವು ಮನುಷ್ಯರಲ್ಲಿ ಅದೇ ಪ್ರಮಾಣದಲ್ಲಿ ಕಾಣುತ್ತದೆ ಎನ್ನಲಾಗದು.

ಮೆಗ್ನೀಸಿಯಂ ಮತ್ತು ತಾಮ್ರ

ಮೆಗ್ನೀಸಿಯಂ ಕರುಳಿನಲ್ಲಿ ಫ್ಲೋರೈಡಿನ ಹೀರುವಿಕೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ತಾಮ್ರವು ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಅಗತ್ಯವಾದುದರಿಂದ ಅದರ ಕೊರತೆಯೂ ಮೂಳೆಯನ್ನು ದುರ್ಬಲಗೊಳಿಸುತ್ತದೆ.

ಹುಣಸೆಹಣ್ಣು

ರಾಷ್ಟ್ರೀಯ ಪೋಷಣಾ ಸಂಸ್ಥೆಯ ಎ. ಎಲ್. ಖಂಡಾರೆ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣನ್ನು 18 ದಿನಗಳ ಕಾಲ ನೀಡಲಾಯಿತು. ಅವರ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡಿನ ಪ್ರಮಾಣ ಹೆಚ್ಚಿತು. ಮೂತ್ರವು ಕ್ಷಾರೀಯವಾದಷ್ಟೂ ಮೂತ್ರಪಿಂಡಗಳು ಫ್ಲೋರೈಡನ್ನು ಹೆಚ್ಚು ಹೊರಹಾಕುತ್ತವೆ. ಹಣ್ಣು ಮತ್ತು ತರಕಾರಿ ಹೆಚ್ಚಿರುವ ಆಹಾರವೂ ಇದಕ್ಕೆ ನೆರವಾಗುತ್ತದೆ.

ಜೋಳದ ಆಹಾರ ಮತ್ತು ಫ್ಲೋರೈಡ್

ವಿಜಯಪುರ ಜಿಲ್ಲೆಯ ಮುಖ್ಯ ಆಹಾರಧಾನ್ಯ ಹಿಂಗಾರಿನ ಬಿಳಿಜೋಳ. ಆದ್ದರಿಂದ ಜೋಳದ ಕುರಿತು ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ನಡೆದ ಅಧ್ಯಯನಗಳು ಈ ಭಾಗದವರಿಗೆ ಮುಖ್ಯವಾದವು. ಲಕ್ಷ್ಮಯ್ಯ ಮತ್ತು ಶ್ರೀಕಂಟಿಯ ಅವರು 1977ರಲ್ಲಿ, ಅಕ್ಕಿಯ ಆಹಾರಕ್ಕೆ ಹೋಲಿಸಿದರೆ ಜೋಳದ ಆಹಾರ ಸೇವಿಸಿದಾಗ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂದು ವರದಿ ಮಾಡಿದರು. ಮೊಣಕಾಲು ವಿಕಾರವಿದ್ದ ಆಂಧ್ರದ ಊರುಗಳ ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿರುವುದನ್ನೂ, ಅಂತಹ ಜೋಳದ ಸೇವನೆಯಿಂದ ಮೂತ್ರದಲ್ಲಿ ತಾಮ್ರ ಹೆಚ್ಚು ಹೊರಹೋಗುವುದನ್ನೂ ವೈ. ಜಿ. ದೇವಸ್ಥಳೆ ಮತ್ತಿತರರು ಗುರುತಿಸಿದರು. ಆ ವಿಕಾರಕ್ಕೆ ತಾಮ್ರದ ಕೊರತೆಯೂ ಒಂದು ಕಾರಣವಾಗಿರಬಹುದು ಎಂಬ ವಾದಕ್ಕೆ ಇದು ಆಧಾರವಾಯಿತು.

ಇದರಿಂದ ಜೋಳವನ್ನು ಬಿಡಬೇಕೆಂದು ಅರ್ಥವಲ್ಲ. ಜೋಳವು ನಾರು, ಕಬ್ಬಿಣ ಮತ್ತು ಮೆಗ್ನೀಸಿಯಂ ಒದಗಿಸುವ ಉತ್ತಮ ಧಾನ್ಯ. ಅದರ ಕೊರತೆಯಿರುವುದು ಕ್ಯಾಲ್ಸಿಯಂನಲ್ಲಿ: 100 ಗ್ರಾಂ ಜೋಳದಲ್ಲಿ ಸುಮಾರು 28 ಮಿ.ಗ್ರಾಂ ಮಾತ್ರ ಇರುತ್ತದೆ. ರೊಟ್ಟಿಯ ಜೊತೆಗೆ ಏನಿದೆ ಎಂಬುದೇ ಇಲ್ಲಿ ನಿರ್ಣಾಯಕ. ಮೊಸರು, ಕಾಳಿನ ಪಲ್ಯ, ಸೊಪ್ಪು, ಗುರೆಳ್ಳು ಹಿಂಡಿ ಮತ್ತು ಶೇಂಗಾ ಹಿಂಡಿಗಳಿಂದ ಕೂಡಿದ ಊಟ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಬರಗಾಲದಲ್ಲಿ ಅಥವಾ ಬಡತನದಲ್ಲಿ ಬರಿಯ ರೊಟ್ಟಿ ಮತ್ತು ಖಾರದ ಪುಡಿಯಲ್ಲಿ ಊಟ ಮುಗಿದಾಗ ಅದೇ ನೀರು ಹೆಚ್ಚು ಹಾನಿಕರವಾಗುತ್ತದೆ. ಕೊಳವೆಬಾವಿಯ ನೀರು ಹದಗೆಡುವುದೂ ಹೈನು ಮತ್ತು ಸೊಪ್ಪು ಕಡಿಮೆಯಾಗುವುದೂ ಬರದ ಒಂದೇ ಕಾಲದಲ್ಲಿ ಒದಗುತ್ತವೆ.

ಸ್ಥಳೀಯ ಆಹಾರ ಮೂಲಗಳು

ಕೆಳಗಿನ ಪ್ರಮಾಣಗಳು 100 ಗ್ರಾಂ ಪದಾರ್ಥಕ್ಕೆ ಸಂಬಂಧಿಸಿದವು ಮತ್ತು ಅಂದಾಜಿನವು.

• ಎಳ್ಳು: 1,200 ಮಿ.ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ, ತಾಮ್ರವೂ ಇದೆ. ಸಂಕ್ರಾಂತಿಯಲ್ಲಿ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದರ ಒಂದು ಬಳಕೆ. ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಪೂರ್ಣವಾಗಿ ಹೀರಲ್ಪಡುವುದಿಲ್ಲ.
• ರಾಗಿ: 340ರಿಂದ 360 ಮಿ.ಗ್ರಾಂ ಕ್ಯಾಲ್ಸಿಯಂ. ಉತ್ತರ ಕರ್ನಾಟಕದಲ್ಲಿ ಇದರ ಬಳಕೆ ಕಡಿಮೆ. ಮಕ್ಕಳಿಗೆ ಗಂಜಿಯಾಗಿ ನೀಡಬಹುದು.
• ನುಗ್ಗೆಸೊಪ್ಪು: 300 ಮಿ.ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ. ನೀರು ಕಡಿಮೆಯಿರುವ ನೆಲದಲ್ಲಿಯೂ ನುಗ್ಗೆ ಬೆಳೆಯುತ್ತದೆ.
• ಮೆಂತ್ಯ ಮತ್ತು ರಾಜಗಿರಿ ಸೊಪ್ಪು: ಕ್ಯಾಲ್ಸಿಯಂನ ಉತ್ತಮ ಮೂಲಗಳು. ರಾಜಗಿರಿ ಮತ್ತು ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂನ ಒಂದು ಭಾಗವನ್ನು ಹಿಡಿದಿಡುತ್ತದೆ.
• ಹಾಲು: ಹಸುವಿನ ಹಾಲಿನಲ್ಲಿ ಸುಮಾರು 120 ಮಿ.ಗ್ರಾಂ. ಮೊಸರು ಮತ್ತು ಮಜ್ಜಿಗೆಯಲ್ಲಿಯೂ ಕ್ಯಾಲ್ಸಿಯಂ ಉಳಿಯುತ್ತದೆ. ಆದರೆ ಮಜ್ಜಿಗೆಗೆ ಬೆರೆಸುವ ನೀರು ಸುರಕ್ಷಿತವಾಗಿರಬೇಕು.
• ನೆಲ್ಲಿಕಾಯಿ: 250 ಮಿ.ಗ್ರಾಂಗಿಂತ ಹೆಚ್ಚು ಸಿ ಜೀವಸತ್ವ.
• ಪೇರಲಹಣ್ಣು: ಸುಮಾರು 200 ಮಿ.ಗ್ರಾಂ ಸಿ ಜೀವಸತ್ವ.
• ಲಿಂಬೆ: ಇಂಡಿ ಭಾಗವು ಲಿಂಬೆ ಬೆಳೆಗೆ ಪ್ರಸಿದ್ಧವಾಗಿದೆ. ಬೇಯಿಸಿದಾಗ ಸಿ ಜೀವಸತ್ವ ನಾಶವಾಗುವುದರಿಂದ ರಸವನ್ನು ಊಟದ ವೇಳೆ ಹಿಂಡಿಕೊಳ್ಳುವುದು ಲೇಸು.
• ಶೇಂಗಾ, ತೊಗರಿ, ಕಡಲೆ, ಮಡಿಕೆ ಮತ್ತು ಹೆಸರುಕಾಳು: ಪ್ರೋಟೀನು, ಮೆಗ್ನೀಸಿಯಂ ಮತ್ತು ತಾಮ್ರದ ಮೂಲಗಳು. ಶೇಂಗಾದಲ್ಲಿ ಇ ಜೀವಸತ್ವವೂ ಇದೆ.

ಆಹಾರದಲ್ಲಿ ಬಿಡಬೇಕಾದವು

ನವದೆಹಲಿಯಲ್ಲಿ ಫ್ಲೋರೋಸಿಸ್ ಕುರಿತು ದೀರ್ಘಕಾಲ ಕೆಲಸ ಮಾಡಿದ ವಿಜ್ಞಾನಿ ಎ. ಕೆ. ಸುಶೀಲಾ ಅವರು ಚಿಕಿತ್ಸೆಯನ್ನು ಎರಡು ಭಾಗಗಳಾಗಿ ವಿಂಗಡಿಸಿದರು. ಮೊದಲನೆಯದು ಫ್ಲೋರೈಡ್ ಇರುವ ನೀರು ಮತ್ತು ಪದಾರ್ಥಗಳನ್ನು ತೆಗೆದುಹಾಕುವುದು; ಎರಡನೆಯದು ಪೋಷಕಾಂಶಗಳನ್ನು ಸೇರಿಸುವುದು. ಹಾಲಿಲ್ಲದ ಕಡು ಚಹಾ, ಕರಿ ಉಪ್ಪು, ಅಡಿಕೆ ಮತ್ತು ತಂಬಾಕು ಬಿಡಬೇಕಾದವುಗಳ ಪಟ್ಟಿಯಲ್ಲಿವೆ. ಚಿಕ್ಕಮಕ್ಕಳು ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನು ನುಂಗದಂತೆ ನೋಡಿಕೊಳ್ಳಬೇಕು. ಗರ್ಭಿಣಿಯರಲ್ಲಿ ಈ ಕ್ರಮವನ್ನು ಅನುಸರಿಸಿದಾಗ ರಕ್ತದ ಹಿಮೋಗ್ಲೋಬಿನ್ ಮತ್ತು ಶಿಶುಗಳ ಜನನತೂಕ ಸುಧಾರಿಸಿದವು ಎಂದು ಅವರ ತಂಡ 2010ರಲ್ಲಿ ವರದಿ ಮಾಡಿತು.

ಮಿತಿಗಳು ಮತ್ತು ಎಚ್ಚರಿಕೆಗಳು

• ಒಮ್ಮೆ ಬಾಗಿದ ಮೂಳೆಯನ್ನಾಗಲಿ, ವಯಸ್ಕರ ಹಲ್ಲಿನ ಕಲೆಯನ್ನಾಗಲಿ ಆಹಾರದಿಂದ ಮೊದಲಿನಂತೆ ಮಾಡಲಾಗದು. ಪೋಷಣೆಯ ಪ್ರಯೋಜನ ಹೆಚ್ಚಾಗಿ ಕಾಣುವುದು ಗರ್ಭಾವಸ್ಥೆ, ಶೈಶವ ಮತ್ತು ಬಾಲ್ಯದಲ್ಲಿ.
• ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ.
• ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಹೆಚ್ಚು ಸೇವಿಸಬಾರದು. ಡಿ ಜೀವಸತ್ವ ಅತಿಯಾದರೆ ಅದೇ ವಿಷವಾಗುತ್ತದೆ.
• ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗದೆ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.
• ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಫ್ಲೋರೈಡ್ ಹೊರಹೋಗುವುದು ಕಡಿಮೆಯಾಗುವುದರಿಂದ ಅಪಾಯ ಹೆಚ್ಚು.

ಸುರಕ್ಷಿತ ನೀರಿನ ಕ್ರಮಗಳು

ನದಿ ಮತ್ತು ಜಲಾಶಯಗಳ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಈ ಕಾರಣದಿಂದ ಕೃಷ್ಣಾ ಮತ್ತು ಭೀಮಾ ನದಿಗಳಿಂದ ನೀರು ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು ಶಾಶ್ವತ ಪರಿಹಾರವೆಂದು ಪರಿಗಣಿತವಾಗಿವೆ. ಕೃಷ್ಣಾ ನದಿಯ ಆಲಮಟ್ಟಿ ಜಲಾಶಯವು ಹಿಂದಿನ ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿಗೆ ಹೊಂದಿಕೊಂಡೇ ಇದೆ. ಮಳೆನೀರು ಸಂಗ್ರಹವೂ ಸುರಕ್ಷಿತ ಮಾರ್ಗ.

ಗ್ರಾಮಗಳಲ್ಲಿ ಸ್ಥಾಪಿಸಲಾದ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಆರ್‌ಒ ವಿಧಾನ ಬಳಕೆಯಲ್ಲಿದೆ. ಇದು ಫ್ಲೋರೈಡಿನ ಜೊತೆಗೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನೂ ತೆಗೆದುಹಾಕುವುದರಿಂದ ಆ ಖನಿಜಗಳು ಆಹಾರದಿಂದಲೇ ದೊರೆಯಬೇಕಾಗುತ್ತದೆ. ಘಟಕದ ನೀರನ್ನು ಕುಡಿಯಲು ಮಾತ್ರ ಬಳಸಿ ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸಿದರೆ ಬೇಳೆ, ಅನ್ನ ಮತ್ತು ಚಹಾದ ಮೂಲಕ ಫ್ಲೋರೈಡ್ ದೇಹ ಸೇರುವುದು ಮುಂದುವರಿಯುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ಅಳತೆಯಂತೆ ಬೆರೆಸಿ ಫ್ಲೋರೈಡನ್ನು ತಳಕ್ಕೆ ಇಳಿಸಲಾಗುತ್ತದೆ.

ಕೇಂದ್ರ ಸರ್ಕಾರವು 2008-09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ನೀರು ಮತ್ತು ಮೂತ್ರದ ಪರೀಕ್ಷೆ, ಸಿಬ್ಬಂದಿ ತರಬೇತಿ, ಪೋಷಕಾಂಶಗಳ ಪೂರೈಕೆ, ಶಸ್ತ್ರಚಿಕಿತ್ಸೆ ಮತ್ತು ಪುನರ್ವಸತಿ ಇದರ ಅಂಗಗಳು.

ಇತರ ಖನಿಜಗಳ ಸಂದರ್ಭದಲ್ಲಿ

ಪೋಷಕಾಂಶಗಳು ಖನಿಜಗಳ ವಿಷವನ್ನು ತಗ್ಗಿಸುವುದು ಫ್ಲೋರೈಡಿಗೆ ಸೀಮಿತವಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಕಷ್ಟಿರುವ ಮಕ್ಕಳು ಸೀಸವನ್ನು ಕಡಿಮೆ ಹೀರುತ್ತಾರೆ. ಸತುವು ಕ್ಯಾಡ್ಮಿಯಂನೊಂದಿಗೂ, ಸೆಲೆನಿಯಂ ಪಾದರಸದೊಂದಿಗೂ ಇದೇ ಬಗೆಯ ವಿರೋಧ ಹೊಂದಿವೆ. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಪಟ್ಟಿಯ ಕೆಲವು ಊರುಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ. ಫೋಲಿಕ್ ಆಮ್ಲವು ಆರ್ಸೆನಿಕ್ ದೇಹದಿಂದ ಹೊರಹೋಗಲು ನೆರವಾಗುತ್ತದೆ ಎಂದು ಬಾಂಗ್ಲಾದೇಶದ ಅಧ್ಯಯನಗಳು ತೋರಿಸಿವೆ. ಈ ಎಲ್ಲ ಸಂದರ್ಭಗಳಲ್ಲಿಯೂ ವಿಷದ ಮೂಲವನ್ನು ನಿಲ್ಲಿಸುವುದು ಮೊದಲ ಕ್ರಮ. ಅದು ಸಾಧ್ಯವಾಗುವವರೆಗೆ ಮತ್ತು ಆದ ನಂತರವೂ ಅಂಗಾಂಶಗಳನ್ನು ಕಾಪಾಡಲು ಉತ್ತಮ ಪೋಷಣೆ ಅಗತ್ಯ.